ಯಂತ್ರದ ಕಿರ್ದಿ

ಕಲಬುರಗಿಯಿಂದ ಕಮಲಾಪುರದ ಕಡೆಗೆ ಹೋಗುವ ಹುಮನಾಬಾದ್ ರಸ್ತೆಯಲ್ಲಿ ಕಪನೂರ ಕೈಗಾರಿಕಾ ಪ್ರದೇಶ ಸಿಗುತ್ತದೆ. ಅಲ್ಲಿಯ ಒಂದು ಬೇಳೆ ಮಿಲ್ಲಿನಲ್ಲಿ 50 ಕಿಲೋ ಚೀಲ ತುಂಬುವ ಯಂತ್ರವಿದೆ. ಮೇಲಿನಿಂದ ತೊಗರಿ ಬೇಳೆ ಧಾರೆಯಾಗಿ ಇಳಿಯುತ್ತದೆ, ಕೆಳಗೆ ಕಾಟಾ ತೂಗುತ್ತಿರುತ್ತದೆ. 50 ಕಿಲೋ ಹತ್ತಿರವಾದಾಗ ಧಾರೆ ಸಣ್ಣದಾಗುತ್ತದೆ, ತೂಕ ಮುಟ್ಟಿದ ಕೂಡಲೇ ಗೇಟು ಮುಚ್ಚಿಕೊಳ್ಳುತ್ತದೆ. ಯಾವಾಗ ಮುಚ್ಚಬೇಕೆಂದು ಹೇಳುವುದು ಅಂಗೈಯಗಲದ ಒಂದು ಬೋರ್ಡು. ಅದರೊಳಗೆ ಓಡುವುದು ಲಿನಕ್ಸ್. ದಿನಕ್ಕೆ ನೂರಾರು ಚೀಲ ಸರಿಯಾಗಿ ತುಂಬುವ ಈ ಯಂತ್ರ, ಒಂದೆರಡು ಚೀಲಕ್ಕೆ ಮಾತ್ರ 400 ಗ್ರಾಂ ಹೆಚ್ಚು ಸುರಿಯುತ್ತಿತ್ತು.

"ದಿನಾ ಒಂದೇ ಟೈಮಿಗೆ ಆಗಂಗಿಲ್ರಿ ಸರ. ಯಾವಾಗರ ಒಮ್ಮೆ ಆಗ್ತದ. ನೀವು ಬಂದು ಮುಂದ ನಿಂತ್ರ ಆಗಂಗೇ ಇಲ್ಲ" ಎಂದ ಯಂತ್ರ ನೋಡಿಕೊಳ್ಳುವ ಹುಡುಗ. ಮಾಲೀಕರಿಗೆ ಬಿಸಿಲಿನ ಮೇಲೆ ಅನುಮಾನ. "ಮೇ ತಿಂಗಳ ಬಿಸಲಪ್ಪಾ ಇದು. ಮನಷ್ಯಾರಿಗೇ ತಲಿ ತಿರಗತದ, ಮಷೀನಿಗೆ ಏನೂ ಆಗಂಗಿಲ್ಲೇನು?"

ಆ ಅನುಮಾನವನ್ನು ತಳ್ಳಿಹಾಕುವಂತಿರಲಿಲ್ಲ. ಈಗಿನ ಪ್ರೊಸೆಸರುಗಳು ಅತಿಯಾಗಿ ಕಾದರೆ ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ, ಕಲಬುರಗಿಯ ಬೇಸಿಗೆಯಲ್ಲಿ ತಗಡಿನ ಪೆಟ್ಟಿಗೆಯೊಳಗೆ ಕೂತ ಬೋರ್ಡಿಗೆ ಅದು ಆಗಬಹುದಾದದ್ದೇ. ಹಾಗಾಗಿ ಮೊದಲು ನೋಡಿದ್ದು ಅದನ್ನೇ. ಚಿಪ್ಪಿನ ಶಾಖ, ಗಡಿಯಾರದ ವೇಗ ಎರಡನ್ನೂ ದಿನವಿಡೀ ಬರೆದಿಟ್ಟುಕೊಂಡೆ. ತಪ್ಪು ತೂಕ ಬಿದ್ದ ಹೊತ್ತಿನಲ್ಲೂ ಎರಡೂ ಸರಿಯಾಗಿಯೇ ಇದ್ದವು. ಒಂದು ಸಲವಂತೂ ಬೆಳಿಗ್ಗೆ ಎಂಟಕ್ಕೇ, ತಂಪು ಹೊತ್ತಿನಲ್ಲೇ ತಪ್ಪು ಬಿದ್ದಿತು.

ನಾನು ಕಲಬುರಗಿಯ ಬ್ರಹ್ಮಪುರದಲ್ಲಿ ಬೆಳೆದವನು. ಈಗಿನ ಕೆಲಸ ಬೆಂಗಳೂರಿನಲ್ಲಿ, ಇಂಥ ಬೋರ್ಡುಗಳಿಗೆ ಪ್ರೋಗ್ರಾಂ ಬರೆಯುವುದು. ಲಿನಕ್ಸ್ ಎಂದರೆ ದೊಡ್ಡ ಸರ್ವರುಗಳ ಸಂಗತಿ ಎಂದು ಹಲವರು ತಿಳಿದಿದ್ದಾರೆ. ಆದರೆ ಮನೆಯ ವೈಫೈ ಪೆಟ್ಟಿಗೆಯಲ್ಲಿ, ಟೀವಿಯಲ್ಲಿ, ಆಂಡ್ರಾಯ್ಡ್ ಫೋನಿನ ತಳದಲ್ಲಿ ಓಡುತ್ತಿರುವುದೂ ಲಿನಕ್ಸಿನ ತಿರುಳಾದ ಅದೇ ಕರ್ನೆಲ್. ಕರ್ನಾಟಕಕ್ಕೆ ಇದರ ಒಡನಾಟ ಹಳೆಯದು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಬೆಂಗಳೂರಿನ ಎನ್ಕೋರ್ ಸಾಫ್ಟ್‌ವೇರ್ ಸೇರಿ ರೂಪಿಸಿ 2001ರಲ್ಲಿ ಜಗತ್ತಿಗೆ ತೋರಿಸಿದ ಸಿಂಪ್ಯೂಟರ್, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಲಿನಕ್ಸ್ ಯಂತ್ರವೇ ಆಗಿತ್ತು. ಮಿಲ್ಲಿನಲ್ಲಿರುವಂಥ ಯಂತ್ರಕ್ಕೆ ಕಾಯಿಲೆ ಬಂದರೆ ನೋಡುವುದು ಕಷ್ಟ. ಪರದೆ ಇರುವುದಿಲ್ಲ, ಕೀಬೋರ್ಡ್ ಇರುವುದಿಲ್ಲ, ನೆನಪಿನ ಜಾಗ ಕಡಿಮೆ. ಮೇಲಾಗಿ ಅದು ಯಾರಿಗಾಗಿಯೂ ನಿಲ್ಲುವಂತಿಲ್ಲ. ಬೇಳೆ ಬೀಳುತ್ತಿರುವಾಗ ಪ್ರೋಗ್ರಾಮನ್ನು ತಡೆದು ನಿಲ್ಲಿಸಿ ಒಳಗೆ ಇಣುಕಿದರೆ ಗೇಟು ತೆರೆದೇ ಉಳಿದು, ಬೇಳೆಯೆಲ್ಲ ನೆಲದ ಪಾಲಾಗುತ್ತದೆ.

ಪ್ರೋಗ್ರಾಂ ಬರೆಯುವವರೆಲ್ಲ ಮೊದಲು ಕೈ ಹಾಕುವ ಉಪಾಯವೊಂದಿದೆ. "ಇಲ್ಲಿಗೆ ಬಂದೆ", "ಈಗ ತೂಕ ಇಷ್ಟು" ಎಂದು ಅಲ್ಲಲ್ಲಿ ಪ್ರಿಂಟ್ ಸಾಲುಗಳನ್ನು ಸೇರಿಸಿ, ಅವುಗಳನ್ನು ಫೈಲಿಗೆ ಬರೆಸುವುದು. ನಾನೂ ಹಾಗೇ ಮಾಡಿದೆ. ಮರುದಿನ ಎರಡು ಚೀಲದ ಬದಲು ಒಂಬತ್ತು ಚೀಲ ಕೆಟ್ಟವು. ಹೊಸ ಸಾಲು ಸೇರಿಸುವಾಗ ಬೇರೇನೋ ಕೆಡಿಸಿದೆನೆಂದು ಎರಡು ದಿನ ಅದನ್ನೇ ಹುಡುಕಿದೆ. ನೋಡಲು ಇಟ್ಟ ಸಾಲುಗಳೇ ತಪ್ಪನ್ನು ಹೆಚ್ಚಿಸಿವೆ ಎಂಬುದು ಆಗ ಹೊಳೆಯಲಿಲ್ಲ.

ಪ್ರಿಂಟ್ ಸಾಲನ್ನು ಫೈಲಿನ ಬದಲು ಸೀರಿಯಲ್ ತಂತಿಗೆ ಕಳಿಸಿದರೂ ತಗಲುವ ಕಾಲವನ್ನು ಲೆಕ್ಕ ಹಾಕಿ ನೋಡಬಹುದು. ಬೋರ್ಡಿನ ಸೀರಿಯಲ್ ತಂತಿ ಸಾಮಾನ್ಯವಾಗಿ ಸೆಕೆಂಡಿಗೆ 1,15,200 ಬಿಟ್ ಸಾಗಿಸುತ್ತದೆ. ಒಂದು ಅಕ್ಷರಕ್ಕೆ 10 ಬಿಟ್ ಹಿಡಿದರೆ, 80 ಅಕ್ಷರದ ಒಂದು ಸಾಲು ಹೊರಹೋಗಲು ಸುಮಾರು 7 ಮಿಲಿಸೆಕೆಂಡ್ ಬೇಕು. 1 ಗಿಗಾಹರ್ಟ್ಜ್ ಪ್ರೊಸೆಸರಿನ ಗಡಿಯಾರ ಅಷ್ಟರಲ್ಲಿ 70 ಲಕ್ಷ ಸಲ ಮಿಡಿದಿರುತ್ತದೆ. ನಾಡಿ ಹಿಡಿಯಲು ಬಂದ ವೈದ್ಯ ರೋಗಿಯ ಎದೆಯ ಮೇಲೇ ಕೂತಂತೆ ಇದು. ಕಾಲಕ್ಕೆ ಸಂಬಂಧಿಸಿದ ದೋಷಗಳು ಹೀಗೆ ನೋಡಹೋದಾಗ ಕೆಲವೊಮ್ಮೆ ಮಾಯವಾಗುತ್ತವೆ, ಕೆಲವೊಮ್ಮೆ ಹೆಚ್ಚಾಗುತ್ತವೆ. ಎರಡರಲ್ಲಿ ಯಾವುದೇ ಆದರೂ ನಾವು ದಾರಿ ತಪ್ಪುವುದು ಖಂಡಿತ.

ಹಾಗಾದರೆ ಯಂತ್ರ ಎಲ್ಲಿ ಕಾಲ ಕಳೆಯುತ್ತಿದೆಯೆಂದು ಲೆಕ್ಕ ಕೇಳಿದರೆ? ಲಿನಕ್ಸಿನಲ್ಲಿ ಟಾಪ್ ಎಂಬ ಉಪಕರಣವಿದೆ. ಯಾವ ಪ್ರೋಗ್ರಾಂ ಪ್ರೊಸೆಸರನ್ನು ಶೇಕಡ ಎಷ್ಟು ಬಳಸಿತೆಂದು ಅದು ತೋರಿಸುತ್ತದೆ. ನೋಡಿದೆ. ತೂಕದ ಪ್ರೋಗ್ರಾಂ ಬಳಸಿದ್ದು ಶೇ 6 ಮಾತ್ರ. ಬೋರ್ಡು ಬಹುಪಾಲು ಹೊತ್ತು ಸುಮ್ಮನೆ ಕೂತಿತ್ತು. ಅಷ್ಟು ಬಿಡುವಿರುವ ಯಂತ್ರ ಗೇಟು ಮುಚ್ಚುವುದನ್ನು ತಡ ಮಾಡುವುದು ಹೇಗೆ?

ಇಲ್ಲಿ ನನಗೆ ನೆನಪಾದದ್ದು ನಮ್ಮ ಕಾಕಾ. ಅವರು ನೆಹರು ಗಂಜಿನ ಒಂದು ಅಡತಿ ಅಂಗಡಿಯಲ್ಲಿ ಮುನೀಮರಾಗಿದ್ದರು. ಸಂಜೆ ಬ್ರಹ್ಮಪುರದ ಮನೆಗೆ ಬಂದ ಮೇಲೂ ಒಮ್ಮೊಮ್ಮೆ ಎರಡು ಪುಸ್ತಕ ಹರವಿಕೊಂಡು ಕೂಡುತ್ತಿದ್ದರು. ಒಂದು ಖಾತೆ, ಇನ್ನೊಂದು ಕಿರ್ದಿ. ಖಾತೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ. ಈ ರೈತನಿಗೆ ಒಟ್ಟು ಕೊಟ್ಟದ್ದು ಇಷ್ಟು, ಬಂದದ್ದು ಇಷ್ಟು, ಬಾಕಿ ಇಷ್ಟು. ಕಿರ್ದಿ ದಿನದ ಪುಸ್ತಕ. ಯಾರ ಹೆಸರಿಗೂ ಪ್ರತ್ಯೇಕ ಪುಟವಿಲ್ಲ. ಏನು ನಡೆಯಿತೋ ಅದು, ನಡೆದ ಕ್ರಮದಲ್ಲೇ ಸಾಲಾಗಿ ಇಳಿಯುತ್ತದೆ. ಲೆಕ್ಕ ತಾಳೆಯಾಗದ ದಿನ ಅವರು ಖಾತೆ ಮುಚ್ಚಿ ಕಿರ್ದಿ ಬಿಚ್ಚುತ್ತಿದ್ದರು. "ಖಾತಿ ಮೊತ್ತ ಹೇಳ್ತದ. ಹೆಂಗಾತು ಅಂಬೋದು ಕಿರ್ದಿ ಹೇಳ್ತದ" ಎನ್ನುತ್ತಿದ್ದರು.

ಟಾಪ್ ತೋರಿಸಿದ್ದು ಖಾತೆ. ಶೇ 6 ಎಂಬುದು ಮೊತ್ತ. ಆ ಮೊತ್ತದೊಳಗೆ, ಯಾವುದೋ ಒಂದು ಅರ್ಧ ಸೆಕೆಂಡಿನಲ್ಲಿ ಯಾವುದರ ಹಿಂದೆ ಯಾವುದು ಬಂತು ಎಂಬುದು ಅಳಿಸಿಹೋಗಿತ್ತು. ನನಗೆ ಬೇಕಾಗಿದ್ದುದು ಯಂತ್ರದ ಕಿರ್ದಿ. ಇಂಥ ಮೈಕ್ರೊಸೆಕೆಂಡಿಗೆ ಈ ಪ್ರೋಗ್ರಾಂ ಎದ್ದಿತು, ಇಂಥ ಮೈಕ್ರೊಸೆಕೆಂಡಿಗೆ ಆ ಇಂಟರಪ್ಟ್, ಅಂದರೆ ಯಂತ್ರಾಂಶದ ಕರೆ, ಬಂತು, ಇಷ್ಟಕ್ಕೆ ಬೋರ್ಡಿನ ಎಸ್‌ಡಿ ಕಾರ್ಡಿಗೆ ಬರೆಯುವ ಕೋರಿಕೆ ಹೋಯಿತು ಎಂಬ ಸಾಲುಗಳು. ಇದನ್ನೇ ಟ್ರೇಸಿಂಗ್ ಎನ್ನುತ್ತಾರೆ, ಕನ್ನಡದಲ್ಲಿ ಜಾಡು ಹಿಡಿಯುವುದು. ಈ ಕಿರ್ದಿಯನ್ನು ಎಲ್ಲಿಂದಲೋ ತರಬೇಕಾಗಿರಲಿಲ್ಲ. ಬರೆಯುವ ಮುನೀಮ ಮೊದಲ ದಿನದಿಂದಲೂ ಆ ಬೋರ್ಡಿನೊಳಗೇ, ಕರ್ನೆಲಿನಲ್ಲೇ ಇದ್ದ.

ಮುನೀಮ ಅಲ್ಲಿಗೆ ಬಂದ ದಾರಿ ಚಿಕ್ಕದಲ್ಲ. ಲಿನಕ್ಸಿಗೆ ಮೊದಲ ಪೂರ್ಣ ಜಾಡು ಹಿಡಿಯುವ ಸಲಕರಣೆಯಾದ ಲಿನಕ್ಸ್ ಟ್ರೇಸ್ ಟೂಲ್‌ಕಿಟ್ಟನ್ನು 1999ರಲ್ಲಿ ಬರೆದವರು ಕೆನಡಾದ ಮಾಂಟ್ರಿಯಲ್ಲಿನ ಕರೀಂ ಯಾಗ್ಮೂರ್. ಪುಟ್ಟ ಯಂತ್ರಗಳಲ್ಲಿ ಲಿನಕ್ಸ್ ಕಟ್ಟುವುದು ಹೇಗೆಂದು 2003ರಲ್ಲಿ ಪುಸ್ತಕ ಬರೆದವರೂ ಅವರೇ. ಅದೇ ನಗರದ ಮ್ಯಾಥ್ಯೂ ದೆನ್ವಾಯೆ 2005ರಲ್ಲಿ ಅದರ ಮುಂದಿನ ಪೀಳಿಗೆಯಾದ ಎಲ್‌ಟಿಟಿಎನ್‌ಜಿಯನ್ನು ತಂದರು. ಆದರೆ ಇವೆರಡೂ ಕರ್ನೆಲಿನ ಹೊರಗೇ ಉಳಿದವು, ಬೇಕಾದವರು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕಿತ್ತು. 2008ರ ಅಕ್ಟೋಬರಿನಲ್ಲಿ ಬಂದ 2.6.27ನೆಯ ಕರ್ನೆಲಿನೊಂದಿಗೆ ಸ್ಟೀವನ್ ರಾಸ್ಟೆಡ್ ಅವರ ಎಫ್‌ಟ್ರೇಸ್ ಒಳಗೇ ಬಂದು ಕೂತಿತು.

ಎಫ್‌ಟ್ರೇಸಿನಲ್ಲಿ ನನಗೆ ಅತ್ಯಂತ ಇಷ್ಟವಾದ ಗುಣ ಅದರ ಸರಳತೆ. ಅದನ್ನು ಬಳಸಲು ಹೊಸ ಉಪಕರಣ ಬೇಡ. ಕರ್ನೆಲ್ ಟ್ರೇಸಿಂಗ್ ಎಂಬ ಒಂದು ಫೋಲ್ಡರನ್ನು ತೋರಿಸುತ್ತದೆ. ಅದರೊಳಗಿನ ಒಂದು ಫೈಲಿಗೆ 1 ಎಂದು ಬರೆದರೆ ಕಿರ್ದಿ ಶುರು, 0 ಎಂದು ಬರೆದರೆ ನಿಲುಗಡೆ, ಇನ್ನೊಂದು ಫೈಲನ್ನು ಓದಿದರೆ ಸಾಲುಗಳು ಮುಂದೆ ಬರುತ್ತವೆ. ಫೈಲ್ ಓದಲು ಬರೆಯಲು ಬರುವ ಯಾವ ಬಡ ಯಂತ್ರದಲ್ಲೂ ಇಷ್ಟು ಸಾಧ್ಯ. ಪುಟ್ಟ ಬೋರ್ಡುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೀಗೆ ರೂಪಿಸಲಾಯಿತು.

ಬಳಸದಿದ್ದಾಗ ಇದರ ಭಾರ ಎಷ್ಟು? ಕರ್ನೆಲನ್ನು ಕಂಪೈಲ್ ಮಾಡುವಾಗ ಬಹುತೇಕ ಫಂಕ್ಷನ್ನುಗಳ ಆರಂಭದಲ್ಲಿ ಒಂದು ಕರೆಯ ಜಾಗ ಬಿಡಲಾಗುತ್ತದೆ. ಯಂತ್ರ ಆರಂಭವಾಗುವಾಗ ಕರ್ನೆಲ್ ಆ ಸಾವಿರಾರು ಜಾಗಗಳಿಗೆಲ್ಲ "ಏನೂ ಮಾಡಬೇಡ" ಎಂಬ ಸೂಚನೆ ತುಂಬುತ್ತದೆ. ನಾವು ಕೇಳಿದಾಗ ಮಾತ್ರ, ಓಡುತ್ತಿರುವಾಗಲೇ, ಆ ಖಾಲಿ ಸೂಚನೆಯನ್ನು ತೆಗೆದು ಕರೆಯನ್ನು ಕೂರಿಸುತ್ತದೆ. ಕಿರ್ದಿ ಚಾಲೂ ಇದ್ದಾಗಲೂ ಒಂದು ಸಾಲಿನ ಖರ್ಚು ದೊಡ್ಡ ಕಂಪ್ಯೂಟರಿನಲ್ಲಿ ಒಂದು ಮೈಕ್ರೊಸೆಕೆಂಡಿಗೂ ಕಡಿಮೆ, ಪುಟ್ಟ ಬೋರ್ಡಿನಲ್ಲಿ ಕೆಲವು ಮೈಕ್ರೊಸೆಕೆಂಡ್. ಏಕೆಂದರೆ ಅದು ಅಕ್ಷರ ಜೋಡಿಸುವುದಿಲ್ಲ, ಕಾರ್ಡು ಮುಟ್ಟುವುದಿಲ್ಲ. ಕೆಲವೇ ಬೈಟುಗಳನ್ನು ನೇರವಾಗಿ ನೆನಪಿನಲ್ಲಿ ಇಳಿಸಿ ಹೊರಟುಬಿಡುತ್ತದೆ. ಓದಬಲ್ಲ ಸಾಲಾಗಿ ಬಿಡಿಸುವ ಕೆಲಸ ನಾವು ಓದುವಾಗ. ಆ ನೆನಪಿನ ಜಾಗ ಬಳೆಯಂತೆ ದುಂಡಗಿದೆ. ತುಂಬಿದ ಮೇಲೆ ಹೊಸ ಸಾಲು ಅತಿ ಹಳೆಯ ಸಾಲಿನ ಮೇಲೆ ಕೂಡುತ್ತದೆ. ಎಷ್ಟು ಹೊತ್ತು ಬಿಟ್ಟರೂ ಜಾಗ ಬೆಳೆಯುವುದಿಲ್ಲ, ಕೊನೆಯ ಕೆಲವು ಸೆಕೆಂಡುಗಳ ಕಥೆ ಸದಾ ಕೈಯಲ್ಲಿರುತ್ತದೆ. ಪ್ರೊಸೆಸರಿನ ಪ್ರತಿ ಕೋರಿಗೂ ಬೇರೆ ಬೇರೆ ಬಳೆಯಿರುವುದರಿಂದ ಬರೆಯಲು ಒಂದು ಇನ್ನೊಂದಕ್ಕೆ ಕಾಯಬೇಕಾಗಿಲ್ಲ.

ಓಡುವ ಕರ್ನೆಲನ್ನು ತಿದ್ದುವುದು ಅಪಾಯವಿಲ್ಲದ ಕೆಲಸವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಎಫ್‌ಟ್ರೇಸ್ ಕಾಲಿಟ್ಟ 2008ರಲ್ಲೇ, 2.6.27 ಇನ್ನೂ ಪರೀಕ್ಷೆಯಲ್ಲಿದ್ದಾಗ, ಇಂಟೆಲ್‌ನ ಇ1000ಇ ನೆಟ್‌ವರ್ಕ್ ಕಾರ್ಡುಗಳು ಒಂದೊಂದಾಗಿ ಸತ್ತವು. ಕಾರ್ಡಿನೊಳಗಿನ ಶಾಶ್ವತ ನೆನಪೇ ಕೆಟ್ಟುಹೋಗುತ್ತಿತ್ತು. ಎಲ್ಲರೂ ಮೊದಲು ಅನುಮಾನಿಸಿದ್ದು ಕಾರ್ಡಿನ ಡ್ರೈವರನ್ನು. ಕಾರಣ ಕೊನೆಗೆ ಎಫ್‌ಟ್ರೇಸಿನಲ್ಲೇ ಸಿಕ್ಕಿತು. ಆರಂಭದಲ್ಲಿ ಮಾತ್ರ ಬಳಸಿ ಆಮೇಲೆ ಬಿಟ್ಟುಕೊಟ್ಟ ನೆನಪಿನ ವಿಳಾಸಗಳು ಅದರ ಪಟ್ಟಿಯಲ್ಲಿ ಉಳಿದುಬಿಟ್ಟಿದ್ದವು. ಆ ವಿಳಾಸದಲ್ಲಿ ಈಗ ಕಾರ್ಡಿನ ಶಾಶ್ವತ ನೆನಪು ಬಂದು ಕೂತಿದೆಯೆಂದು ತಿಳಿಯದೆ ಅದು ಅಲ್ಲಿ ಬರೆಯಹೋಗಿತ್ತು. ತಕ್ಷಣ ಆ ಭಾಗವನ್ನು ಮುಚ್ಚಿ, ಆಮೇಲೆ ಬೇರೆ ಬಗೆಯಲ್ಲಿ ಮತ್ತೆ ಕಟ್ಟಿದರು. ಇಂದಿನ ಎಫ್‌ಟ್ರೇಸ್ ಒಂದೊಂದು ಸೂಚನೆಯನ್ನು ಬದಲಿಸುವ ಮುನ್ನವೂ ಅಲ್ಲಿ ಇರಬೇಕಾದದ್ದೇ ಇದೆಯೇ ಎಂದು ನೋಡುತ್ತದೆ, ಇಲ್ಲದಿದ್ದರೆ ತನ್ನನ್ನೇ ನಿಲ್ಲಿಸಿಕೊಳ್ಳುತ್ತದೆ. ಈ ಜಾಗ್ರತೆಯ ಹಿಂದೆ ಆ ವರ್ಷದ ಪೆಟ್ಟಿದೆ.

ಮಿಲ್ಲಿಗೆ ಮರಳುತ್ತೇನೆ. ತಪ್ಪು ದಿನಕ್ಕೆ ಒಂದೆರಡು ಸಲ ಬರುತ್ತದೆ, ಯಾವಾಗ ಎಂದು ಗೊತ್ತಿಲ್ಲ. ಇಡೀ ದಿನದ ಕಿರ್ದಿ ಇಟ್ಟುಕೊಂಡರೆ ಕೋಟಿಗಟ್ಟಲೆ ಸಾಲು. ಅದಕ್ಕೆ ಬಳೆಯ ಗುಣವನ್ನೇ ಬಳಸಿಕೊಂಡೆ. ಪ್ರೋಗ್ರಾಂ ತಾನೇ ಕಿರ್ದಿಯಲ್ಲಿ ಒಂದು ಟಿಪ್ಪಣಿ ಬರೆಯಬಹುದು, ಅದಕ್ಕೂ ಆ ಫೋಲ್ಡರಿನಲ್ಲಿ ಒಂದು ಫೈಲಿದೆ. "ಗೇಟು ಮುಚ್ಚು" ಎಂದು ಹೇಳುವ ಜಾಗದಲ್ಲಿ ಅಂಥದೊಂದು ಟಿಪ್ಪಣಿ ಇಟ್ಟೆ. ಮುಚ್ಚಿದ ಮೇಲೆ ತೂಕ 50 ಕಿಲೋ ಮೀರಿ 200 ಗ್ರಾಂಗಿಂತ ಹೆಚ್ಚು ಕಂಡರೆ, ಕಿರ್ದಿ ನಿಲ್ಲಿಸುವ ಫೈಲಿಗೆ 0 ಬರೆ ಎಂದು ಇನ್ನೊಂದು ಸಾಲು. ಅಷ್ಟೇ. ಕೆಟ್ಟ ಚೀಲ ಬಿದ್ದ ಕ್ಷಣಕ್ಕೆ ಬಳೆ ತಿರುಗುವುದು ನಿಲ್ಲುತ್ತದೆ, ಅದಕ್ಕೆ ಮುಂಚಿನ ಸೆಕೆಂಡುಗಳು ಒಳಗೆ ಹಾಗೇ ಉಳಿಯುತ್ತವೆ. ಯಾರೂ ಕಾವಲು ಕೂರಬೇಕಿಲ್ಲ. ಬೆಳಿಗ್ಗೆ ಇಟ್ಟು ಮನೆಗೆ ಬಂದೆ. ಮಧ್ಯಾಹ್ನ ಹುಡುಗ ಫೋನ್ ಮಾಡಿದ. "ಸರ, ಬಿತ್ತು ನೋಡ್ರಿ ಒಂದು."

ಆ ಸಾಲುಗಳನ್ನು ಓದಿದ ಹೊತ್ತು ಈಗಲೂ ಕಣ್ಣ ಮುಂದಿದೆ. ಪ್ರೋಗ್ರಾಂ ಅಳತೆಗಳನ್ನೆಲ್ಲ ಒಂದು ಫೈಲಿಗೆ ಬರೆಯುತ್ತಿತ್ತು, ಕರೆಂಟ್ ಹೋದರೆ ಕಳೆಯಬಾರದೆಂದು 30 ಸೆಕೆಂಡಿಗೊಮ್ಮೆ "ಇದು ಕಾರ್ಡಿಗೆ ಮುಟ್ಟುವವರೆಗೆ ಕಾಯುತ್ತೇನೆ" ಎಂದು ಕರ್ನೆಲಿಗೆ ಹೇಳುತ್ತಿತ್ತು. ಕಿರ್ದಿಯಲ್ಲಿ ಆ ಕೋರಿಕೆಯ ಸಾಲನ್ನು ಸೊನ್ನೆ ಎಂದು ಇಟ್ಟುಕೊಳ್ಳೋಣ. ಮರುಕ್ಷಣವೇ ಕರ್ನೆಲ್ ಪ್ರೋಗ್ರಾಮನ್ನು ಮಲಗಿಸಿದೆ. ಸಾಲಿನ ಕೊನೆಯಲ್ಲಿ ಡಿ ಎಂಬ ಗುರುತು, ಅಂದರೆ ಎಬ್ಬಿಸಿದರೂ ಏಳದ ನಿದ್ದೆ. 30ನೆಯ ಮಿಲಿಸೆಕೆಂಡಿಗೆ ಸೀರಿಯಲ್ ಇಂಟರಪ್ಟ್ ಬಂದಿದೆ, ಕಾಟಾದಿಂದ ಹೊಸ ತೂಕ. ತೂಕ ಮುಟ್ಟಿದ್ದು ಆ ಅಳತೆಯಲ್ಲೇ. ತೆಗೆದುಕೊಳ್ಳುವವರಿಲ್ಲ. 130ಕ್ಕೆ ಇನ್ನೊಂದು, 230ಕ್ಕೆ ಮತ್ತೊಂದು, 330ಕ್ಕೆ ನಾಲ್ಕನೆಯದು. ನಾಲ್ಕೂ ಬಂದು ಬಾಗಿಲಲ್ಲಿ ನಿಂತಿವೆ. 430ನೆಯ ಮಿಲಿಸೆಕೆಂಡಿಗೆ ಕಾರ್ಡು ಬರೆದು ಮುಗಿಸಿದ ಸಾಲು. ಅದರ ಬೆನ್ನಿಗೇ ಪ್ರೋಗ್ರಾಂ ಎದ್ದಿದೆ, ಮೊದಲ ಅಳತೆ ಓದಿದೆ, "ಗೇಟು ಮುಚ್ಚು" ಎಂಬ ನನ್ನ ಟಿಪ್ಪಣಿ ಬಿದ್ದಿದೆ. ಸಣ್ಣ ಧಾರೆಯಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಕಿಲೋ ಬೇಳೆ ಬೀಳುತ್ತದೆ. 400 ಮಿಲಿಸೆಕೆಂಡ್ ತಡ, 400 ಗ್ರಾಂ ಹೆಚ್ಚು.

ಆ ಎಸ್‌ಡಿ ಕಾರ್ಡು ಕೆಟ್ಟಿರಲಿಲ್ಲ. ಫ್ಲ್ಯಾಶ್ ನೆನಪಿನ ಸ್ವಭಾವವೇ ಹಾಗೆ. ಬರೆದ ಜಾಗದ ಮೇಲೆ ನೇರವಾಗಿ ಮತ್ತೆ ಬರೆಯಲಾಗುವುದಿಲ್ಲ, ದೊಡ್ಡ ತುಂಡನ್ನೇ ಅಳಿಸಬೇಕು. ಅದಕ್ಕಾಗಿ ಕಾರ್ಡಿನೊಳಗಿನ ಪುಟ್ಟ ನಿಯಂತ್ರಕ ಬೇಕಾದ ಮಾಹಿತಿಯನ್ನು ಆಗಾಗ ಪಕ್ಕಕ್ಕೆ ಸರಿಸಿ ಜಾಗ ಖಾಲಿ ಮಾಡುತ್ತದೆ. ಹಾಗೆ ಮಾಡುವಾಗ ಮಾಮೂಲಿಗೆ ಕೆಲವೇ ಮಿಲಿಸೆಕೆಂಡಿನಲ್ಲಿ ಆಗುವ ಬರಹಕ್ಕೆ ನೂರಾರು ಮಿಲಿಸೆಕೆಂಡ್ ಹಿಡಿಯುತ್ತದೆ. ಈ ಅಪರೂಪದ ನಿಧಾನವೂ, 30 ಸೆಕೆಂಡಿಗೊಮ್ಮೆ ಬರುವ ಕಾಯುವಿಕೆಯೂ, ಚೀಲ ತುಂಬುವ ಕೊನೆಯ ಗಳಿಗೆಯೂ ಒಂದೇ ಸಲ ಕೂಡಿಬಂದರೆ ಮಾತ್ರ ಚೀಲ ಕೆಡುತ್ತದೆ. ಅದಕ್ಕೇ ದಿನಕ್ಕೆ ಒಂದೆರಡು. ನನ್ನ ಪ್ರಿಂಟ್ ಸಾಲುಗಳು ಹೋಗಿ ಸೇರಿದ್ದೂ ಅದೇ ಕಾರ್ಡಿಗೆ. ಒಂಬತ್ತು ಚೀಲದ ಅರ್ಥ ಆಗ ತಿಳಿಯಿತು.

ಮುಖ್ಯ ಕೆಲಸ ಅಮುಖ್ಯ ಕೆಲಸಕ್ಕಾಗಿ ಕಾದು ಕೂರುವ ಈ ದೋಷದ ಅತ್ಯಂತ ಪ್ರಸಿದ್ಧ ರೂಪ ಕಂಡದ್ದು ಮಂಗಳ ಗ್ರಹದಲ್ಲಿ. 1997ರ ಜುಲೈ 4ರಂದು ಇಳಿದ ನಾಸಾದ ಪಾಥ್‌ಫೈಂಡರ್ ಕೆಲವು ದಿನಗಳಲ್ಲೇ ತನ್ನಷ್ಟಕ್ಕೆ ಮತ್ತೆ ಮತ್ತೆ ಮರುಚಾಲನೆಗೊಳ್ಳತೊಡಗಿತು. ಅದರಲ್ಲಿ ಓಡುತ್ತಿದ್ದುದು ಲಿನಕ್ಸ್ ಅಲ್ಲ, ವಿಎಕ್ಸ್‌ವರ್ಕ್ಸ್. ಹವಾಮಾನ ಅಳೆಯುವ ಕೆಳದರ್ಜೆಯ ಕೆಲಸವೊಂದು ಒಂದು ಬೀಗ ಹಿಡಿದುಕೊಂಡಿರುತ್ತಿತ್ತು. ಅಷ್ಟರಲ್ಲಿ ಮಧ್ಯಮ ದರ್ಜೆಯ ಕೆಲಸಗಳು ಅದನ್ನು ತಳ್ಳಿ ಪ್ರೊಸೆಸರ್ ಹಿಡಿಯುತ್ತಿದ್ದವು. ಅದೇ ಬೀಗ ಬೇಕಾದ ಮೇಲ್ದರ್ಜೆಯ ಕೆಲಸ ಬಾಗಿಲಲ್ಲೇ ಉಳಿಯುತ್ತಿತ್ತು. ಕಾವಲು ಗಡಿಯಾರ ಇದನ್ನು ಕಂಡು ಇಡೀ ಯಂತ್ರವನ್ನು ಮರುಚಾಲನೆ ಮಾಡುತ್ತಿತ್ತು. ಭೂಮಿಯ ಮೇಲಿನ ಪ್ರತಿರೂಪದಲ್ಲಿ ಜಾಡು ದಾಖಲಿಸುವ ಸೌಲಭ್ಯ ಚಾಲೂ ಮಾಡಿ, ಮರುಚಾಲನೆ ಆಗುವವರೆಗೆ ಓಡಿಸಿ, ಆ ಸಾಲುಗಳಲ್ಲಿ ಎಂಜಿನಿಯರುಗಳು ಕಾರಣ ಹಿಡಿದರು. ಬೀಗ ಹಿಡಿದವನಿಗೆ ಕಾಯುತ್ತಿರುವವನ ದರ್ಜೆಯನ್ನು ತಾತ್ಕಾಲಿಕವಾಗಿ ಕೊಡುವ ಒಂದು ಗುಂಡಿ ಆ ತಂತ್ರಾಂಶದಲ್ಲಿ ಮೊದಲೇ ಇತ್ತು, ಅದನ್ನು ತೆರೆಯುವ ತಿದ್ದುಪಡಿಯನ್ನು ಮಂಗಳಕ್ಕೆ ಕಳಿಸಿದರು. ಜಾಡು ದಾಖಲಿಸುವ ಭಾಗವನ್ನು ಹಾರುವ ಮುನ್ನ ಕಿತ್ತುಹಾಕದೆ ಉಳಿಸಿಕೊಂಡಿದ್ದರಿಂದಲೇ ಇದು ಸಾಧ್ಯವಾಯಿತು.

ಮಿಲ್ಲಿನಲ್ಲಿ ನನಗೆ ಇನ್ನೊಂದು ಸಂಗತಿ ಖಚಿತಪಡಿಸಿಕೊಳ್ಳಬೇಕಿತ್ತು. ಗೇಟಿನ ರಿಲೇಯನ್ನು ಎಳೆಯುವ ಡ್ರೈವರ್ ಬೋರ್ಡು ಮಾರಿದವರದು. ಅದರೊಳಗೆ ಕಿರ್ದಿಗೆ ಸಾಲು ಬರೆಯುವ ಜಾಗಗಳೇ ಇರಲಿಲ್ಲ. ಅಲ್ಲಿಯೂ ತಡವಾಗುತ್ತಿದೆಯೇ? ಕರ್ನೆಲನ್ನು ಹೊಸದಾಗಿ ಕಟ್ಟುವಂತಿಲ್ಲ, ಮಿಲ್ಲು ನಿಲ್ಲಿಸುವಂತೆಯೂ ಇಲ್ಲ. ಇಂಥ ಹೊತ್ತಿಗೆ ಇರುವ ಉಪಾಯದ ಹೆಸರು ಕೆಪ್ರೋಬ್ಸ್.

ಇದು ಕೆಲಸ ಮಾಡುವ ಬಗೆಯಲ್ಲಿ ಒಂದು ಚೆಲುವಿದೆ. ಓಡುತ್ತಿರುವ ಕರ್ನೆಲಿನ ಯಾವುದೋ ಒಂದು ಸೂಚನೆಯ ಮೇಲೆ ಕಣ್ಣಿಡಬೇಕೆಂದುಕೊಳ್ಳಿ. ಕೆಪ್ರೋಬ್ಸ್ ಆ ಸೂಚನೆಯ ಪ್ರತಿಯನ್ನು ಪಕ್ಕದಲ್ಲಿ ಇಟ್ಟುಕೊಂಡು, ಅದರ ಜಾಗದಲ್ಲಿ ಪ್ರೊಸೆಸರನ್ನು ಎಡವಿಸುವ ಸೂಚನೆಯೊಂದನ್ನು ಕೂರಿಸುತ್ತದೆ. ಇಂಟೆಲ್ ಬಗೆಯ ಚಿಪ್ಪುಗಳಲ್ಲಿ ಅದು ಒಂದೇ ಬೈಟು. 32 ಬಿಟ್ಟಿನ ಆರ್ಮ್ ಚಿಪ್ಪುಗಳಲ್ಲಿ ಪ್ರೊಸೆಸರಿಗೆ ಅರ್ಥವೇ ಇಲ್ಲದ ಒಂದು ಸೂಚನೆ. ಅಲ್ಲಿಗೆ ಬಂದ ಪ್ರೊಸೆಸರ್ ಎಡವಿ ಕರ್ನೆಲಿನ ಕೈಗೆ ಬೀಳುತ್ತದೆ. ಆಗ ನಮ್ಮ ಪುಟ್ಟ ಫಂಕ್ಷನ್ ಓಡಿ, ಕಾಲ, ಬಂದ ಮೌಲ್ಯಗಳು ಎಲ್ಲವನ್ನೂ ಬರೆದುಕೊಳ್ಳುತ್ತದೆ. ಆಮೇಲೆ ಎತ್ತಿಟ್ಟ ಮೂಲ ಸೂಚನೆಯ ಕೆಲಸವನ್ನು ಮಾಡಿಸಿ, ಪ್ರೊಸೆಸರನ್ನು ಮುಂದಿನ ಸೂಚನೆಗೆ ಬಿಡಲಾಗುತ್ತದೆ. ಓಡುವ ಪ್ರೋಗ್ರಾಮಿಗೆ ನಡುವೆ ಯಾರೋ ಬಂದುಹೋದದ್ದು ತಿಳಿಯುವುದೇ ಇಲ್ಲ. ಕೆಲಸ ಮುಗಿದ ಮೇಲೆ ಮೂಲ ಸೂಚನೆ ತನ್ನ ಜಾಗಕ್ಕೆ ಮರಳುತ್ತದೆ. ಎಡವಿದಾಗ ನೆರವಿಗೆ ಬರುವ ಕೋಡಿನ ಮೇಲೆ ಮಾತ್ರ ಇದನ್ನು ಇಡುವಂತಿಲ್ಲ. ಇಟ್ಟರೆ ಎಡವಿದ್ದಕ್ಕೆ ಮತ್ತೆ ಎಡವಿ ಕೊನೆಯೇ ಇರದು. ಅಂಥ ಫಂಕ್ಷನ್ನುಗಳನ್ನು ಕರ್ನೆಲ್ ಬೇರೆಯಾಗಿ ಗುರುತಿಸಿಟ್ಟಿದೆ.

ಕೆಪ್ರೋಬ್ಸಿನ ಮೂಲ ಫೈಲನ್ನು ಯಾರು ಬೇಕಾದರೂ ತೆರೆದು ಓದಬಹುದು. ನಾನು ಮೊದಲ ಸಲ ತೆರೆದಾಗ ತಲೆಭಾಗದ ಟಿಪ್ಪಣಿಯಲ್ಲೇ ಕಣ್ಣು ನಿಂತಿತು. 2002ರ ಅಕ್ಟೋಬರಿನಲ್ಲಿ ಇದರ ಮೊದಲ ರೂಪ ಬರೆದವರು ವಂಶಿ ಕೃಷ್ಣ ಎಸ್. 2004ರ ಜುಲೈಯಲ್ಲಿ, ಫಂಕ್ಷನ್ನಿಗೆ ಬಂದ ಮೌಲ್ಯಗಳನ್ನು ನೋಡುವ ಅನುಕೂಲ ಸೇರಿಸಿದವರು ಸುಪರ್ಣಾ ಭಟ್ಟಾಚಾರ್ಯ. ಅದೇ ವರ್ಷದ ಆಗಸ್ಟಿನಲ್ಲಿ ಕೆಪ್ರೋಬ್ಸನ್ನು ಪರಿಷ್ಕರಿಸಿದವರು ಪ್ರಸನ್ನ ಎಸ್. ಪಂಚಮುಖಿ. ಮೂವರ ವಿಳಾಸಗಳೂ ಐಬಿಎಂನ ಭಾರತ ಶಾಖೆಯವು. ಐಬಿಎಂನ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಭಾರತದ ತಂಡ ಇದ್ದುದು ಬೆಂಗಳೂರಿನಲ್ಲಿ. ಐಬಿಎಂ ಇದಕ್ಕೂ ಮುಂಚೆ ಡಿಪ್ರೋಬ್ಸ್ ಎಂಬ ದೊಡ್ಡ ಸಲಕರಣೆ ಕಟ್ಟಿತ್ತು, ಆದರೆ ಕರ್ನೆಲಿನವರು ಅದನ್ನು ಒಳಗೆ ಸೇರಿಸಿಕೊಳ್ಳಲಿಲ್ಲ. ಅದರ ತಿರುಳನ್ನಷ್ಟೇ ತೆಗೆದು, ಆಸ್ಟ್ರೇಲಿಯದ ರಸ್ಟಿ ರಸೆಲ್ ಅವರ ಸಲಹೆಗಳನ್ನೂ ಕೂಡಿಸಿಕೊಂಡು ಚಿಕ್ಕದಾಗಿ ಕಟ್ಟಿದ್ದೇ ಕೆಪ್ರೋಬ್ಸ್. 2004ರ ಅಕ್ಟೋಬರಿನಲ್ಲಿ ಬಂದ 2.6.9ನೆಯ ಕರ್ನೆಲಿನಲ್ಲಿ ಅದು ಸೇರಿತು. ಫಂಕ್ಷನ್ನಿನಿಂದ ಹೊರಬರುವ ಕ್ಷಣವನ್ನೂ ಹಿಡಿಯುವ ಭಾಗ 2005ರ ಮೇ ತಿಂಗಳಿನದು, ಅದರಲ್ಲೂ ಪಂಚಮುಖಿಯವರ ಹೆಸರಿದೆ. 2006ರಲ್ಲಿ ಒಟ್ಟಾವಾದ ಲಿನಕ್ಸ್ ಸಮ್ಮೇಳನದಲ್ಲಿ ಕೆಪ್ರೋಬ್ಸಿನ ಒಳಗನ್ನು ವಿವರಿಸಿದ ಪ್ರಬಂಧದ ಲೇಖಕರ ಸಾಲಿನಲ್ಲಿ ಅನಂತ್ ಮಾವಿನಕಾಯನಹಳ್ಳಿ ಎಂಬ ಹೆಸರಿದೆ. ಕರ್ನೆಲಿನಲ್ಲಿ ಈ ಭಾಗವನ್ನು ನೋಡಿಕೊಳ್ಳುವವರ ಪಟ್ಟಿಯಲ್ಲೂ ಆ ಹೆಸರು ವರ್ಷಗಟ್ಟಲೆ ಇತ್ತು. ಜಗತ್ತಿನ ಎಷ್ಟೋ ಯಂತ್ರಗಳೊಳಗೆ ಓಡುವ ತಂತ್ರಾಂಶದ ಕಡತದಲ್ಲಿ ಕನ್ನಡದ ಒಂದು ಹಳ್ಳಿಯ ಹೆಸರನ್ನು ಕಂಡಾಗ ನನಗೆ ಆದ ಸಂತೋಷವನ್ನು ಮುಚ್ಚಿಡಲಾರೆ.

ಕರ್ನೆಲಿನಲ್ಲಿ ಮಾಡಿದ್ದನ್ನೇ ಸಾಮಾನ್ಯ ಪ್ರೋಗ್ರಾಮುಗಳ ಮೇಲೂ ಮಾಡುವ ಯುಪ್ರೋಬ್ಸ್ 2012ರಲ್ಲಿ 3.5ನೆಯ ಕರ್ನೆಲಿಗೆ ಬಂತು. ಅದರ ಫೈಲಿನ ತಲೆಯಲ್ಲಿ ಲೇಖಕರೆಂದು ಇರುವ ಮೊದಲ ಹೆಸರು ಶ್ರೀಕರ್ ದ್ರೋಣಂರಾಜು, ಅವರೂ ಐಬಿಎಂನ ಬೆಂಗಳೂರು ತಂಡದವರು. ಇಂದು ದೊಡ್ಡ ಡೇಟಾ ಸೆಂಟರುಗಳಲ್ಲಿ ಇಬಿಪಿಎಫ್ ಎಂಬ ಹೊಸ ವಿಧಾನದ ಮಾತು ಎಲ್ಲೆಡೆ ಕೇಳುತ್ತದೆ. ಓಡುತ್ತಿರುವ ಕರ್ನೆಲಿನೊಳಗೆ ನಮ್ಮದೇ ಪುಟ್ಟ ಪ್ರೋಗ್ರಾಂ ಇಳಿಸಿ ಲೆಕ್ಕ ತೆಗೆಯುವ ವಿಧಾನ ಅದು. 2015ರಿಂದ ಅದು ಕಾಲೂರಿ ನಿಂತಿರುವ ಜಾಗಗಳಲ್ಲಿ ಕೆಪ್ರೋಬ್ಸೂ ಒಂದು. ಬೆಂಗಳೂರಿನ ಸಾಫ್ಟ್‌ವೇರ್ ಎಂದರೆ ಹೊರಗಿನವರು ಹೇಳಿದ್ದನ್ನು ಮಾಡಿಕೊಡುವುದು ಎಂಬ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಕೆಪ್ರೋಬ್ಸಿನ ಆ ತಲೆಟಿಪ್ಪಣಿ ಓದಿದ ಮೇಲೆ ಆ ಮಾತನ್ನು ನಾನು ಒಪ್ಪುವುದಿಲ್ಲ.

ಮಿಲ್ಲಿನ ಡ್ರೈವರಿನ ಒಂದು ಫಂಕ್ಷನ್ನಿನ ಬಾಗಿಲಿಗೆ ಒಂದು, ಅದರ ಹಿತ್ತಲಿಗೆ ಒಂದು ಹೀಗೆ ಎರಡು ಕೆಪ್ರೋಬ್ ಇಟ್ಟು ನೋಡಿದೆ. ಒಳಹೊಕ್ಕು ಹೊರಬರಲು ಹತ್ತಾರು ಮೈಕ್ರೊಸೆಕೆಂಡ್. ಡ್ರೈವರಿನದು ತಪ್ಪಿರಲಿಲ್ಲ.

ತಪ್ಪು ಎಲ್ಲಿದೆಯೆಂದು ಗೊತ್ತಾದ ಮೇಲೆ ತಿದ್ದಲು ಅರ್ಧ ದಿನ ಸಾಕಾಯಿತು. ಫೈಲಿಗೆ ಬರೆಯುವ ಕೆಲಸವನ್ನು ಬೇರೆ ಥ್ರೆಡ್ಡಿಗೆ ಒಪ್ಪಿಸಿದೆ. ಕಾರ್ಡಿಗಾಗಿ ಅದು ಎಷ್ಟು ಹೊತ್ತಾದರೂ ಕಾಯಲಿ. ತೂಕ ಓದಿ ಗೇಟು ಮುಚ್ಚುವ ಥ್ರೆಡ್ಡಿಗೆ ಎಲ್ಲಕ್ಕಿಂತ ಮೇಲಿನ ದರ್ಜೆ ಕೊಟ್ಟೆ, ಅದರ ನೆನಪಿನ ಪುಟಗಳು ಎಂದೂ ಹೊರಹೋಗದಂತೆ ಕಟ್ಟಿಹಾಕಿದೆ. ಆಮೇಲೆ ಮತ್ತೆ ಕಿರ್ದಿ. ತಿದ್ದಿದ್ದು ನಿಜಕ್ಕೂ ತಿದ್ದಿತೇ ಎಂದು ತಿಳಿಯಲು ಕೆಟ್ಟ ಚೀಲ ಬೀಳಲಿಲ್ಲವೆಂಬುದು ಸಾಲದು, ಅಪರೂಪದ ತಪ್ಪು ವಾರಗಟ್ಟಲೆ ಸುಮ್ಮನಿರಬಹುದು. ಅಳತೆ ಬಂದ ಇಂಟರಪ್ಟಿನಿಂದ ಗೇಟಿನ ಟಿಪ್ಪಣಿಯವರೆಗೆ ಎಷ್ಟು ಕಾಲ ಹಿಡಿಯಿತೆಂದು ಪ್ರತಿ ಚೀಲಕ್ಕೂ ಎಣಿಸಿದೆ. ಒಂದು ದಿನದ ಅತಿ ದೊಡ್ಡ ತಡ 2 ಮಿಲಿಸೆಕೆಂಡನ್ನೂ ಮುಟ್ಟಲಿಲ್ಲ. ಯಂತ್ರವನ್ನು ಹದಗೊಳಿಸುವವರು ನೋಡಬೇಕಾದ ಅಂಕಿ ಸರಾಸರಿಯಲ್ಲ, ಇದು. ಕೆಟ್ಟ ಚೀಲ ಹುಟ್ಟುವುದು ಅತಿ ದೊಡ್ಡ ತಡದಲ್ಲಿ.

ಇನ್ನೂ ಕಟ್ಟುನಿಟ್ಟಾದ ಕಾಲಮಿತಿ ಬೇಕಾದ ಯಂತ್ರಗಳಿಗೆ ಪ್ರೀಎಂಪ್ಟ್ ಆರ್‌ಟಿ ಎಂಬ ತಿದ್ದುಪಡಿ ಇದೆ. ಎಫ್‌ಟ್ರೇಸ್ ಹುಟ್ಟಿದ್ದೂ ಆ ಕೆಲಸದ ಮಗ್ಗುಲಲ್ಲೇ. ಕರ್ನೆಲ್ ಎಲ್ಲಿ ಹೊತ್ತು ಹಾಕುತ್ತದೆಂದು ಆ ತಂಡ ಹುಡುಕುತ್ತಿದ್ದಾಗ ಬರೆದ ಸಲಕರಣೆಗಳೇ ಅದರ ಬೇರು. ಸುಮಾರು ಎರಡು ದಶಕ ಹೊರಗಿದ್ದ ಆ ತಿದ್ದುಪಡಿ 2024ರಲ್ಲಿ 6.12ನೆಯ ಕರ್ನೆಲಿನೊಂದಿಗೆ ಮುಖ್ಯ ಲಿನಕ್ಸಿಗೆ ಸೇರಿತು. ಕಾರುಗಳಲ್ಲಿ ಕಾಲದ ಒತ್ತಡ ಇನ್ನೊಂದು ಬಗೆಯದು. ರಿವರ್ಸ್ ಗೇರ್ ಹಾಕಿದ 2 ಸೆಕೆಂಡಿನೊಳಗೆ ಹಿಂದಿನ ಕ್ಯಾಮೆರಾದ ಚಿತ್ರ ಪರದೆಗೆ ಬರಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ. ಆ ಎರಡು ಸೆಕೆಂಡಿನಲ್ಲಿ ಯಾವ ಡ್ರೈವರ್ ಯಾರಿಗಾಗಿ ಕಾಯುತ್ತಿದೆ ಎಂದು ತಿಳಿಯಲು ಬಿಚ್ಚುವುದೂ ಇದೇ ಕಿರ್ದಿಯನ್ನು.

ಮಿಲ್ಲಿನ ಯಂತ್ರದಲ್ಲಿ ಕಿರ್ದಿಯನ್ನು ನಾನು ತೆಗೆಯಲಿಲ್ಲ. ಕೋರಿಗೆ ಒಂದು ಮೆಗಾಬೈಟಿನ ಬಳೆ ತಿರುಗುತ್ತಲೇ ಇದೆ, ತಪ್ಪು ತೂಕ ಬಿದ್ದರೆ ತಾನೇ ನಿಲ್ಲುತ್ತದೆ. ಮಳೆಗಾಲ ಶುರುವಾದ ಮೇಲೆ ಒಮ್ಮೆ ನಿಂತಿತು. ಹುಡುಗ ಫೈಲನ್ನು ಬೆಂಗಳೂರಿಗೆ ಕಳಿಸಿದ, ಹೇಗೆಂದು ಅವನಿಗೆ ತೋರಿಸಿಕೊಟ್ಟಿದ್ದೆ. ಬಿಚ್ಚಿ ನೋಡಿದರೆ ಪ್ರೋಗ್ರಾಂ ಎಚ್ಚರವಾಗಿಯೇ ಇದೆ, ಕಾರ್ಡು ಬಿಡುವಾಗಿದೆ, ಪ್ರೊಸೆಸರ್ ಖಾಲಿ. ಆದರೆ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೊಮ್ಮೆ ಬರಬೇಕಾದ ಸೀರಿಯಲ್ ಇಂಟರಪ್ಟಿನ ಸಾಲುಗಳು ಮುಕ್ಕಾಲು ಸೆಕೆಂಡ್ ಇಲ್ಲವೇ ಇಲ್ಲ. ಕಾಟಾದಿಂದ ಬೋರ್ಡಿಗೆ ಬರುವ ತಂತಿ ನೋಡಲು ಹೇಳಿದೆ. ಹತ್ತು ನಿಮಿಷಕ್ಕೆ ಅವನಿಂದ ಫೋನ್ ಬಂತು.

"ಇಲಿ ಕಡದಾವ್ರಿ ಸರ. ಒಂದು ಎಳಿ ಅಷ್ಟೇ ಹಿಡಕೊಂಡದ. ಬದಲಾಯಿಸ್ಲೇನು?"